ಹೃದ್ರೋಗಿಗಳ ಮುಂದಿನ ತಪಾಸಣೆಯವರೆಗೆ ಒಬ್ಬ ನರ್ಸ್ ಬೇಕು

ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಹೃದಯಾಘಾತವಾದವರಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತಿದೆ. ಇದರಿಂದ ಜೀವ ಉಳಿಯುತ್ತಿದೆ. ಆದರೆ ಹೃದಯದ ಶಕ್ತಿ ಕುಂದಿದವರು ಮೈಸೂರಿನ ಆಸ್ಪತ್ರೆಯಿಂದ ಕೊಡಗಿನ ಕುಟ್ಟಕ್ಕೋ ಶಾಂತಳ್ಳಿಗೋ ಐದಾರು ಬಗೆಯ ಮಾತ್ರೆ ಹಿಡಿದು ಮರಳಿದ ಮೇಲೆ, ಮುಂದಿನ ತಪಾಸಣೆಯವರೆಗೆ ಅವರನ್ನು ನೋಡಿಕೊಳ್ಳುವವರು ಯಾರು?

ಈ ಮಾತ್ರೆಗಳನ್ನು ಬರೆದುಕೊಟ್ಟರಷ್ಟೇ ಸಾಲದು. ಹೃದಯ ಬಡಿತದ ವೇಗ ತಗ್ಗಿಸುವ ಮೆಟೊಪ್ರೊಲಾಲ್ ಸಣ್ಣ ಡೋಸಿನಲ್ಲಿ ಶುರುವಾಗುತ್ತದೆ. ಎರಡು ವಾರಕ್ಕೊಮ್ಮೆ ನಾಡಿ, ಬಿಪಿ ನೋಡಿ ಏರಿಸುತ್ತಾ ಹೋಗಬೇಕು. ನಾಡಿ 50ಕ್ಕಿಂತ ಇಳಿದಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಕಾಲು ಬಾತಿದ್ದರೆ ಏರಿಸಬಾರದು. ಬಿಪಿ ಇಳಿಸಿ ಹೃದಯದ ಹೊರೆ ತಗ್ಗಿಸುವ ಎನಲಾಪ್ರಿಲ್ ಏರಿಸಿದ ಒಂದೆರಡು ವಾರದಲ್ಲಿ ರಕ್ತದ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು, ಪೊಟ್ಯಾಸಿಯಂ 5.5 ದಾಟಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಇದನ್ನು ಮಾಡುವವರಿಲ್ಲದಿದ್ದರೆ ರೋಗಿ ವರ್ಷಗಟ್ಟಲೆ ಮೊದಲ ಡೋಸಿನಲ್ಲೇ ಉಳಿಯುತ್ತಾರೆ. ಸ್ವೀಡನ್ನಿನಲ್ಲಿ 1990ರ ದಶಕದಿಂದಲೂ ಈ ಕೆಲಸ ನರ್ಸ್‌ಗಳದು.

ಇನ್ನು ತೂಕ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು, ದಿನಾ ಒಂದೇ ಮಾಪಕದಲ್ಲಿ ನೋಡಬೇಕು. ಮಣ್ಣುನೆಲದ ಮೇಲೆ ಮಾಪಕ ತಪ್ಪು ತೋರಿಸುತ್ತದೆ, ಅದರ ಕೆಳಗೆ ಚಪ್ಪಡಿ ಕಲ್ಲು ಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಊಟದಿಂದ ಬಂದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಆಗಲೇ ಫೋನ್ ಮಾಡಿದರೆ ನೀರಿಳಿಸುವ ಮಾತ್ರೆಯ ಡೋಸ್ ಬದಲಿಸಿ ಸರಿಪಡಿಸಬಹುದು. ಬಿಟ್ಟರೆ ಮಲಗಲಾಗದೆ, ರಾತ್ರಿ ಆಂಬುಲೆನ್ಸ್ ಹತ್ತಬೇಕಾಗುತ್ತದೆ.

ನೀರು ಯಾಕೆ ನಿಂತಿತು ಎಂಬುದು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಕಾಫಿ ಕುಯ್ಲಿನ ದಿನಗಳಲ್ಲಿ ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗಿರುತ್ತಾರೆ. ಅದು ಮೂತ್ರಪಿಂಡ ಉಪ್ಪು, ನೀರು ಹೊರಹಾಕುವುದನ್ನು ತಡೆಯುತ್ತದೆ. ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿ. ದಿನಕ್ಕೆ ಒಂದು ಟೀಚಮಚ ಉಪ್ಪು ಮೀರಬಾರದೆಂದರೆ ಸಾರಿಗೆ ಹಾಕುವ ಉಪ್ಪಿನ ಜೊತೆ ಇವೂ ಸೇರಿದವೆಂದು ಯಾರಾದರೂ ಕೂತು ಹೇಳಬೇಕು. ಇನ್ನೂರು ಚೀಟಿಯ ಸಾಲು ನಿಂತಿರುವಾಗ ವೈದ್ಯರಿಗೆ ಆ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು?

ಆದ್ದರಿಂದ ಮೊದಲಿಗೆ ವಿರಾಜಪೇಟೆ, ಸೋಮವಾರಪೇಟೆ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಒಬ್ಬೊಬ್ಬ ಶುಶ್ರೂಷಾಧಿಕಾರಿಯನ್ನು ಈ ಕೆಲಸಕ್ಕೆಂದೇ ನೇಮಿಸಿ. ಮೂರು ವರ್ಷ ಅವರನ್ನು ವಾರ್ಡ್ ಪಾಳಿಗೆ ಹಾಕಬೇಡಿ. ತರಬೇತಿ ಪಡೆದವರನ್ನು ಆರು ತಿಂಗಳಿಗೇ ಎತ್ತಿ ಬೇರೆಡೆ ಹಾಕಿದರೆ ರೋಗಿಗಳ ಪರಿಚಯವೂ ಅವರೊಂದಿಗೇ ಹೋಗುತ್ತದೆ. ಯಾವ ಡೋಸ್ ಎಷ್ಟರವರೆಗೆ ಏರಿಸಬಹುದು, ಎಲ್ಲಿ ನಿಲ್ಲಿಸಿ ವೈದ್ಯರನ್ನು ಕರೆಯಬೇಕು ಎಂಬುದಕ್ಕೆ ವೈದ್ಯರ ಸಹಿಯುಳ್ಳ ಲಿಖಿತ ಸೂಚನೆ ಇರಲಿ. ಅದಿಲ್ಲದೆ ನರ್ಸ್ ಮೇಲೆ ಹೊಣೆ ಹೊರಿಸುವುದು ಅನ್ಯಾಯ. ರೋಗಿಗಳು ಕರೆ ಮಾಡುವ ಮೊಬೈಲ್ ನಂಬರ್ ವ್ಯಕ್ತಿಯದಲ್ಲ, ಹುದ್ದೆಯದಾಗಿರಲಿ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ರಸ್ತೆಯೂ ನೆಟ್‌ವರ್ಕೂ ಕೈಕೊಡುತ್ತವೆ. ಆದಿವಾಸಿ ಹಾಡಿಗಳ, ತೋಟ ಕಾರ್ಮಿಕರ ಲೈನ್‌ಮನೆಗಳ ರೋಗಿಗಳಿಗೆ ಅದಕ್ಕೆ ಮೊದಲೇ ಎರಡು ತಿಂಗಳ ಮಾತ್ರೆ ತಲುಪಬೇಕು. ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿ ಆ ನರ್ಸ್ ಬಳಿ ಮಾತ್ರ ಇರಲು ಸಾಧ್ಯ. ಮೇ ತಿಂಗಳೊಳಗೆ ಆದೇಶ ಹೊರಡಿಸಿ.

ಇಂತಿ,
ಹೃದ್ರೋಗ ಶುಶ್ರೂಷೆಯಲ್ಲಿರುವ ಶುಶ್ರೂಷಾಧಿಕಾರಿಗಳು, ಕೊಡಗು