ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸು

ಚಿತ್ರದುರ್ಗ
ಭಾನುವಾರ ರಾತ್ರಿ

ಮಗಳೇ,

ನಿನ್ನ ಪಿಎಚ್‌ಡಿ ಪಟ್ಟಿಯ ಬಗ್ಗೆ ಫೋನಲ್ಲಿ ಮಾತಾಡುವಾಗ ನೀನು 'ನಿನಗೆ ಅದೆಲ್ಲ ಗೊತ್ತಾಗಲ್ಲ ಬಿಡಪ್ಪ' ಅಂದೆ. ನಾನೂ ದನಿ ಏರಿಸಿದೆ. ನಿಮ್ಮಮ್ಮ ಫೋನ್ ಕಿತ್ತುಕೊಂಡಳು. ಅದಕ್ಕೇ ಬರೆಯುತ್ತಿದ್ದೇನೆ. ಬೈದದ್ದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡ. ಹೇಳಬೇಕಾದ್ದನ್ನು ಮಾತ್ರ ಹೇಳಿಯೇ ಹೇಳುತ್ತೇನೆ.

ಪಿಎಚ್‌ಡಿ ಮುಗಿಸುವುದರೊಳಗೆ ಏನೇನು ಕಲಿಯುತ್ತೀಯ ಅಂತ ನಿಮ್ಮ ಗೈಡ್ ಬರೆದುಕೊಡಲು ಹೇಳಿದ್ದಾರಲ್ಲ, ಆ ಪಟ್ಟಿ ಓದಿದೆ. ಅಂತರ್ಜಲದ ಮಾಡೆಲ್, ಪ್ರೋಗ್ರಾಮಿಂಗ್, ಸ್ಯಾಟಲೈಟ್ ಡೇಟಾ, ಪೇಪರ್ ಬರೆಯುವುದು. ಬೋರ್‌ವೆಲ್ ಲಾರಿಯವನ ಮಗಳು ಇಷ್ಟೆಲ್ಲ ಕಲಿಯುತ್ತಾಳೆ ಅಂತ ಟೀ ಅಂಗಡಿಯಲ್ಲಿ ಹೇಳಿಕೊಂಡು ಬಂದೆ. ಅರ್ಧ ಜನಕ್ಕೆ ಅರ್ಥ ಆಗಲಿಲ್ಲ. ನನಗೂ ಅಷ್ಟೇ ಅನ್ನು.

ಒಂದು ಕತೆ ನಿನಗೆ ಗೊತ್ತಿಲ್ಲ. ನೀನಾಗ ಚಿಕ್ಕವಳು. ಹಿರಿಯೂರು ಕಡೆ ಒಬ್ಬರ ಅಡಿಕೆ ತೋಟ ಒಣಗುತ್ತಿತ್ತು. ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಮಾಡಲು ಓದಿದವರೊಬ್ಬರು ಮೆಷಿನ್ ತಂದಿದ್ದರು. ನೆಲಕ್ಕೆ ನಾಲ್ಕು ಕಡ್ಡಿ ಚುಚ್ಚಿ ಕರೆಂಟ್ ಬಿಟ್ಟರು. ಏನೋ ಬರೆದುಕೊಂಡು, '300 ಅಡಿಗೆ ನೀರು ಗ್ಯಾರಂಟಿ' ಅಂದರು. ಸುಣ್ಣದಲ್ಲಿ ಗುರುತು ಹಾಕಿ ಹೋದರು.

ನಾವು ಅಲ್ಲೇ ಕೊರೆಯಲು ಶುರು ಮಾಡಿದೆವು. ಮೊದಲು ಕೆಂಪು ಮಣ್ಣು ಬಂತು. ಆಮೇಲೆ ಅಂಟು ಜೇಡಿ. ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸಿದ ಮೇಲೆ ಬರೀ ಕಪ್ಪು ಕಲ್ಲಿನ ಪುಡಿ. ಹಿಡಿಯಲ್ಲಿ ತಗೊಂಡು ಹಿಸುಕಿದೆ, ಬೆರಳ ಸಂದಿಯಿಂದ ಹಿಟ್ಟಿನ ಹಾಗೆ ಉದುರಿತು. ಚೂರೂ ತೇವ ಇಲ್ಲ. 300 ಆಯಿತು, 500 ಆಯಿತು. ಒಂದೊಂದು ರಾಡ್ ಇಳಿಸುವಾಗಲೂ ಯಜಮಾನರು 'ಇನ್ನೊಂದು ನೋಡಣ' ಅನ್ನುತ್ತಿದ್ದರು. ಅಡಿ ಲೆಕ್ಕದಲ್ಲಿ ದುಡ್ಡು ಅಲ್ವಾ? ಅವರ ಮನೆಯವರು ನಮಗೆ ಊಟ ಬಡಿಸಿದರು. ಧೂಳು ಮೆತ್ತಿದ ಮುದ್ದೆ ನುಂಗಿ ಮತ್ತೆ ಕೊರೆದೆವು. 700ಕ್ಕೆ ಅವರೇ ಸಾಕು ಅಂದರು. ನಾನೂ ನನ್ನ ದುಡ್ಡು ಎಣಿಸಿಕೊಂಡೇ ಬಂದೆ. ಲಾರಿ ಕಂತು ಇತ್ತು, ನಿನ್ನ ಸ್ಕೂಲ್ ಫೀಸೂ ಇತ್ತು.

ಜೇಡಿಯಲ್ಲೂ ಕರೆಂಟ್ ಸಲೀಸಾಗಿ ಹರಿಯುತ್ತೆ, ನೀರು ತುಂಬಿದ ಬಿರುಕಲ್ಲೂ ಹರಿಯುತ್ತೆ, ಮೆಷಿನ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು ಅಂತ ನೀನೇ ಹೇಳಿದೆ. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಗುರುತು ಹಾಕಿದ ಆ ಮನುಷ್ಯನಿಗೂ ಇದು ಗೊತ್ತಿದ್ದಿರಬೇಕಲ್ವಾ? 'ನೀರಿರಬಹುದು, ಬರೀ ಜೇಡಿಯೂ ಇರಬಹುದು, ಅಕ್ಕಪಕ್ಕದ ಬೋರ್‌ಗಳಲ್ಲಿ ಏನು ಸಿಕ್ಕಿತ್ತು ಕೇಳೋಣ' ಅನ್ನಬಹುದಿತ್ತು. ಯಜಮಾನರು ಆಗಲೂ ಕೊರೆಸುತ್ತಿದ್ದರು. ಆದರೆ 400ಕ್ಕೆ ನಿಲ್ಲಿಸುತ್ತಿದ್ದರು.

ನಾಳೆ ಹಾಗೆ ಗುರುತು ಹಾಕುವವಳು ನೀನು. ಅದೇ ನನ್ನ ಹೆದರಿಕೆ.

ಅದಕ್ಕೇ ನಿನ್ನ ಪಟ್ಟಿಯಲ್ಲಿ ಬರಿ: ನನ್ನ ಲೆಕ್ಕ ಎಷ್ಟು ತಪ್ಪಬಹುದು ಅಂತ ಹೇಳಲು ಕಲಿಯುತ್ತೇನೆ ಅಂತ. ಗೈಡ್‌ಗೆ ಇಂಗ್ಲಿಷಲ್ಲಿ, ರೈತರಿಗೆ ಕನ್ನಡದಲ್ಲಿ. ಹಳೇ ದಾಖಲೆ ಓದುವುದನ್ನೂ ಸೇರಿಸು. ನಮ್ಮ ಮಾರಿಕಣಿವೆ ಡ್ಯಾಮ್ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಐದು ವರ್ಷದ ಡೇಟಾ ಇಟ್ಟುಕೊಂಡು ನಮ್ಮ ಜಿಲ್ಲೆಯ ನೀರಿನ ಲೆಕ್ಕ ಹೇಳಿದರೆ ನಾನಂತೂ ನಂಬಲ್ಲ. ಫೀಲ್ಡ್‌ವರ್ಕ್ ಅಂತ ಕೊನೆಯಲ್ಲಿ ಒಂದೇ ಸಾಲು ಹಾಕಿದ್ದೀಯ, ಅದು ಮೇಲೆ ಬರಲಿ. 300 ಅಡಿ ಕೆಳಗಿನ ಬಿರುಕು ಸ್ಯಾಟಲೈಟ್‌ಗೆ ಕಾಣಲ್ಲ. ರಿಗ್ ಅಂದರೆ ಕೊರೆಯುವ ಲಾರಿ, ಅದರ ಪಕ್ಕ ನಿಂತು, ಹತ್ತಡಿಗೊಮ್ಮೆ ಪುಡಿ ಎತ್ತಿಟ್ಟು, ಬಣ್ಣ ಬರೆದುಕೋ. ನೋಡು, ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ.

ಒಳ್ಳೆ ಶೂ ತಗೋ, ದುಡ್ಡು ಹಾಕಿದ್ದೇನೆ. ಫೀಲ್ಡಿಗೆ ಒಬ್ಬಳೇ ಹೋಗಬೇಡ. ಹೊಳಲ್ಕೆರೆಯಲ್ಲಿ ರಿಗ್ ಇಟ್ಟಿರುವ ಹುಡುಗರಿಗೆ ಹೇಳಿದ್ದೇನೆ, ರಜೆಗೆ ಬಂದಾಗ ನಾಲ್ಕು ದಿನ ಜೊತೆಗೆ ಇಟ್ಟುಕೊಳ್ಳುತ್ತಾರೆ. ಬೇಡ ಅನಿಸಿದರೆ ನನಗೇ ಹೇಳು, ಅಮ್ಮನ ಕೈಲಿ ಹೇಳಿಸಬೇಡ.

ನಿನ್ನ ಅಪ್ಪ