ನಕಲು ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಜಪಾನಿನ ರಾಕ್ ಸಂಗೀತದ ಬಗ್ಗೆ ಒಂದಿಡೀ ಪುಟ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಇಂಥದ್ದು ಬರುವುದೇ ಅಪರೂಪ, ಹಾಗಾಗಿ ಮುಂದಿದ್ದ ಚಹಾ ಆರಿಹೋಗುವವರೆಗೂ ಕೂತು ಓದಿದೆ. ಆದರೆ ಅದರಲ್ಲಿ ಪಾಲಿಸಿಕ್ಸ್ ತಂಡಕ್ಕೆ ಸಿಕ್ಕಿದ್ದು ಒಂದೂವರೆ ಸಾಲು. ಅಮೆರಿಕದ ಡೀವೊ ತಂಡವನ್ನು ವೇಷದಿಂದ ಹಿಡಿದು ಹಾಡಿನವರೆಗೆ ನಕಲು ಹೊಡೆದವರು ಎಂದು ಬರೆದು ಲೇಖಕರು ಮುಂದಿನ ತಂಡಕ್ಕೆ ಹೋಗಿಬಿಟ್ಟರು. ನನಗೆ ತುಂಬಾ ಬೇಸರವಾಯಿತು, ಅದಕ್ಕೇ ಈ ಪತ್ರ.

ನಾನು ಇಪ್ಪತ್ತೆರಡು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್, ರಾಜ್ಯೋತ್ಸವ, ಎಲ್ಲ ಕಡೆ. ಬೇರೆಯವರ ಹಾಡನ್ನು ಇದ್ದದ್ದು ಇದ್ದ ಹಾಗೆ ನುಡಿಸುವುದೇ ನಮ್ಮ ಕೆಲಸ. ಸುಮ್ನೆ ನಕಲು ಮಾಡುವುದು ಹೇಗಿರುತ್ತದೆ ಅಂತ ನನ್ನ ಬೆರಳಿಗೆ ಚೆನ್ನಾಗಿ ಗೊತ್ತು. ಪಾಲಿಸಿಕ್ಸ್ ಮಾಡಿದ್ದು ಅದಲ್ಲ.

ಹಿರೋಯುಕಿ ಹಯಾಶಿ 1997ರಲ್ಲಿ ಟೋಕಿಯೊದಲ್ಲಿ ಈ ತಂಡ ಕಟ್ಟಿದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಡೀವೊ ಎಂದರೆ ಅವರಿಗೆ ಪ್ರಾಣ, ಅದನ್ನು ಅವರು ಒಂದು ದಿನವೂ ಮುಚ್ಚಿಟ್ಟವರಲ್ಲ. ಆಲ್ಬಮ್‌ಗಳ ಹೆಸರನ್ನೇ ನೋಡಿ. 2000ರಲ್ಲಿ ಬಂದದ್ದು 'ನಾಯ್', ಅದು ಜರ್ಮನಿಯ ಹಳೆಯ ತಂಡವೊಂದರ ಹೆಸರು. 2001ರದ್ದು 'ಈನೋ'. 1978ರಲ್ಲಿ ಬಂದ ಡೀವೊದ ಮೊದಲ ಆಲ್ಬಮ್ಮಿನ ನಿರ್ಮಾಪಕ ಬ್ರಯನ್ ಈನೋ. ಡೀವೊ 1982ರಲ್ಲಿ 'ಓ, ನೋ! ಇಟ್ಸ್ ಡೀವೊ' ಎಂಬ ಆಲ್ಬಮ್ ಮಾಡಿದರೆ ಇವರು 2011ರಲ್ಲಿ 'ಓ! ನೋ! ಇಟ್ಸ್ ಹೆವಿ ಪಾಲಿಸಿಕ್!!!' ಅಂತ ಮಾಡಿದರು. ಕದ್ದವರು ಹೀಗೆ ಮನೆ ಮುಂದೆ ಬೋರ್ಡ್ ಹಾಕಿಕೊಳ್ಳುತ್ತಾರಾ? ನಮ್ಮಲ್ಲಿ ಹಾಡುವವರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರಲ್ವಾ, ನನಗೆ ಈ ಹೆಸರುಗಳನ್ನು ಓದಿದಾಗ ನೆನಪಾಗುವುದು ಅದೇ.

ತಂಡದ ಹೆಸರು ಬಂದದ್ದು ಒಂದು ಕೀಬೋರ್ಡಿನಿಂದ. 1981ರಲ್ಲಿ ಜಪಾನಿನ ಕೊರ್ಗ್ ಕಂಪನಿ ತಂದ ಸಿಂಥಸೈಜರ್ (ಸಿಂಥ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಹೆಸರು ಪಾಲಿಸಿಕ್ಸ್. ಉಚ್ಚಾರ ಒಂದೇ, ತಂಡದವರು ಸ್ಪೆಲ್ಲಿಂಗ್ ಮಾತ್ರ ಬದಲಿಸಿಕೊಂಡರು. ಒಟ್ಟಿಗೆ ಆರು ಸ್ವರ ನುಡಿಸಬಹುದಾದ್ದರಿಂದ ಆ ಹೆಸರು. ಈಗ ಮೊಬೈಲಿನಲ್ಲೇ ಎಷ್ಟು ಸ್ವರ ಬೇಕಾದರೂ ಒಟ್ಟಿಗೆ ಬರುತ್ತವೆ, ಆದರೆ ಆಗ ಒತ್ತಿದ ಆರೂ ಮನೆಗಳು (ಕೀಗಳು) ಸದ್ದು ಮಾಡುವುದೆಂದರೆ ದೊಡ್ಡ ವಿಷಯ. ನಾವು ಮಾಡಿಕೊಂಡ ಸೌಂಡುಗಳನ್ನು ಅದರಲ್ಲೇ ಉಳಿಸಿಡಲು 32 ಜಾಗಗಳಿದ್ದವು. ಇದು ಯಾಕೆ ಹೇಳುತ್ತಿದ್ದೇನೆ ಅಂದರೆ, ಹುಡುಗರು ರಾಕ್ ತಂಡ ಕಟ್ಟುವಾಗ ಹುಲಿ, ಬೆಂಕಿ, ಸಾವು ಅಂತೆಲ್ಲ ಹೆಸರು ಹುಡುಕುತ್ತಾರೆ. ಈ ಹುಡುಗ ಒಂದು ವಾದ್ಯದ ಹೆಸರಿಟ್ಟ. ಕೀಬೋರ್ಡಿನವರನ್ನು ವೇದಿಕೆಯ ಮೂಲೆಗೆ ತಳ್ಳುವುದನ್ನೇ ಇಷ್ಟು ವರ್ಷ ನೋಡಿದ ನನಗೆ ಅದು ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲು ಬರುವುದಿಲ್ಲ.

ಡೀವೊಗೂ ಇವರಿಗೂ ಇರುವ ವ್ಯತ್ಯಾಸ ಲೇಖಕರ ಕಿವಿಗೆ ಯಾಕೆ ಬೀಳಲಿಲ್ಲವೋ ಗೊತ್ತಿಲ್ಲ. ಡೀವೊ ಹುಟ್ಟಿದ್ದು ಸಿಟ್ಟಿನಿಂದ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ಬೇಡ ಅಂತ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಸೈನಿಕರು ಗುಂಡು ಹಾರಿಸಿ ನಾಲ್ವರು ಸತ್ತರು. ಡೀವೊದ ಜೆರಾಲ್ಡ್ ಕಸಾಲೆ ಆಗ ಅಲ್ಲಿ ವಿದ್ಯಾರ್ಥಿ. ಮನುಷ್ಯ ಮುಂದಕ್ಕೆ ಹೋಗುತ್ತಿಲ್ಲ, ಹಿಂದಕ್ಕೆ ಹೋಗುತ್ತಿದ್ದಾನೆ ಎಂಬ ಅವರ ಮಾತಿನ ಹಿಂದೆ ಆ ಹೆಣಗಳಿವೆ. ಪಾಲಿಸಿಕ್ಸ್‌ನಲ್ಲಿ ಈ ಸಿಟ್ಟು ಇಲ್ಲ. ಅವರು ತೆಗೆದುಕೊಂಡದ್ದು ಆ ಯಂತ್ರದಂಥ ಕುಣಿತ, ಒಂದೇ ಥರದ ಸಮವಸ್ತ್ರ, ಬೀಪ್ ಬೀಪ್ ಎನ್ನುವ ಸಿಂಥ್. ಅದರ ಮೇಲೆ ಪಂಕ್ ಗಿಟಾರು ಹೇರಿ, ವೇಗವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದರು. ಹಾಡಿನ ಮಾತುಗಳು ಕೆಲವು ಜಪಾನಿ, ಕೆಲವು ಇಂಗ್ಲಿಷ್, ಇನ್ನು ಕೆಲವು ಯಾವ ಭಾಷೆಯೂ ಅಲ್ಲ, ಬಾಯಿಗೆ ಹಿತವಾಗಿದೆ ಅಂತ ಹಾಡಿದ್ದು. ಹಾಗಾಗಿ ಟೋಕಿಯೊದವರಿಗೆ ಎಷ್ಟು ಅರ್ಥವಾಗುತ್ತದೋ ನನಗೂ ಹೆಚ್ಚುಕಡಿಮೆ ಅಷ್ಟೇ ಅರ್ಥವಾಗುತ್ತದೆ!

ಇನ್ನೊಂದು ಮಾತು. ಇವರ ಹಿಂದೆ ಡೀವೊ ಒಂದೇ ಇಲ್ಲ. ಪಿ-ಮಾಡೆಲ್, ಹಿಕಾಶು, ಪ್ಲಾಸ್ಟಿಕ್ಸ್ ಅಂತ ಜಪಾನಿನದೇ ತಂಡಗಳು 1970ರ ದಶಕದ ಕೊನೆಯಲ್ಲೇ ಈ ಬಗೆಯ ಸಂಗೀತ ಮಾಡುತ್ತಿದ್ದವು. ಅವುಗಳ ಹೆಸರು ನಿಮ್ಮ ಪುಟದಲ್ಲಿ ಎಲ್ಲೂ ಇಲ್ಲ. ಮನೆಯ ಹಿರಿಯರನ್ನು ಬಿಟ್ಟು ಬರೀ ಹೊರಗಿನವರ ಹೋಲಿಕೆ ಹುಡುಕಿದರೆ ಯಾವ ಮಗುವೂ ನಕಲಾಗಿಯೇ ಕಾಣುತ್ತದೆ.

ನಾನು ಇವರನ್ನು ಮೊದಲು ನೋಡಿದ್ದು ಒಂದು ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ, ಮಗಳ ಲ್ಯಾಪ್‌ಟಾಪಿನಲ್ಲಿ. ಕಿತ್ತಳೆ ಬಣ್ಣದ ಬಾಯ್ಲರ್ ಸೂಟು, ಕಣ್ಣಿಗೆ ಅಡ್ಡಪಟ್ಟಿಯಂಥ ಕಪ್ಪು ಕನ್ನಡಕ. ಹಯಾಶಿ ಮೈಮೇಲೆ ಬಂದವರ ಹಾಗೆ ಗಿಟಾರು ಹಿಡಿದು ಎಗರುತ್ತಿದ್ದರು, ಬೆವರು ಕನ್ನಡಕದ ಕೆಳಗಿಂದ ಇಳಿಯುತ್ತಿತ್ತು. ಪಕ್ಕದಲ್ಲಿ ಸಿಂಥ್ ಮುಂದೆ ಕಯೋ ಎಂಬ ಹೆಣ್ಣುಮಗಳು. ನಗು ಇಲ್ಲ, ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ, ಕೈ ಮಾತ್ರ ಅಳೆದು ಇಟ್ಟ ಹಾಗೆ ಮನೆಯಿಂದ ಮನೆಗೆ ಹೋಗುತ್ತದೆ. ಆಕೆ ವೋಕೋಡರ್‌ನಲ್ಲಿ ಹಾಡಿದಾಗ ಗಂಟಲಿನ ಮಾತು ಸಿಂಥ್‌ನ ಸ್ವರದಲ್ಲಿ ಹೊರಗೆ ಬರುತ್ತದೆ, ಯಂತ್ರವೇ ಬಾಯಿ ಬಿಟ್ಟ ಹಾಗೆ. ಒಬ್ಬರು ಕುದಿಯುವುದು, ಇನ್ನೊಬ್ಬರು ತಣ್ಣಗೆ ನಿಲ್ಲುವುದು. ಇಬ್ಬರಲ್ಲಿ ಯಾರನ್ನು ತೆಗೆದರೂ ಆ ಮೋಡಿ ಇರುವುದಿಲ್ಲ ಅಂತ ಆವತ್ತು ಅನ್ನಿಸಿತ್ತು.

ಅವರ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1999ರಲ್ಲಿ ಮೊದಲ ಆಲ್ಬಮ್, ಮರುವರ್ಷ ಸೋನಿ ಕಂಪನಿಯ ಕ್ಯೂನ್ ಲೇಬಲ್ಲು (ಆಲ್ಬಮ್ ಹೊರತರುವ ಸಂಸ್ಥೆ), ಅದೇ ವರ್ಷ ಅಮೆರಿಕದಲ್ಲಿ ಏಷ್ಯನ್ ಮ್ಯಾನ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಯಿಂದ ಒಂದು ಸಂಗ್ರಹ. 2005, 2007, 2008, 2009ರಲ್ಲಿ ಒಂದರ ಹಿಂದೆ ಒಂದು ಆಲ್ಬಮ್. 2008ರ 'ವಿ ಏಟ್ ದ ಮೆಶೀನ್' ಅಮೆರಿಕದಲ್ಲಿ ಮೈಸ್ಪೇಸ್ ಎಂಬ ಜಾಲತಾಣದ ಲೇಬಲ್ಲಿನಿಂದ ಬಂತು.

ಆಮೇಲೆ 2010ರ ಮಾರ್ಚ್ 14. ಟೋಕಿಯೊದ ನಿಪ್ಪಾನ್ ಬುಡೋಕನ್, 1964ರ ಒಲಿಂಪಿಕ್ಸ್‌ನ ಜೂಡೋಗೆ ಅಂತ ಕಟ್ಟಿದ, 1966ರಲ್ಲಿ ಬೀಟಲ್ಸ್ ಹಾಡಿದ ಸಭಾಂಗಣ. ಜಪಾನಿನ ತಂಡಗಳಿಗೆ ಅಲ್ಲಿ ನಿಂತು ಹಾಡುವುದೆಂದರೆ ಜನ್ಮ ಸಾರ್ಥಕ. ಪಾಲಿಸಿಕ್ಸ್ ಅಲ್ಲಿ ನಿಂತ ದಿನವೇ ಕಯೋ ಅವರ ಕೊನೆಯ ದಿನ. ಹತ್ತು ವರ್ಷಕ್ಕೂ ಜಾಸ್ತಿ ಜೊತೆಗಿದ್ದವರು ಅವತ್ತು ತಂಡ ಬಿಟ್ಟರು.

ನಮ್ಮ ಆರ್ಕೆಸ್ಟ್ರಾದಲ್ಲಿ ಹೆಣ್ಣುದನಿಗೆ ಇದ್ದವರು ಬಿಟ್ಟುಹೋದ ವರ್ಷ ನಾವು ಎರಡು ತಿಂಗಳು ಒಂದೂ ಕಾರ್ಯಕ್ರಮ ಒಪ್ಪಿಕೊಳ್ಳಲಿಲ್ಲ. ಹೊಸಬರು ಬಂದ ಮೇಲೂ, ಅವರು ಎಷ್ಟೇ ಚೆನ್ನಾಗಿ ಹಾಡಿದರೂ, ಹಳಬರು ನಿಲ್ಲುತ್ತಿದ್ದ ಕಡೆಗೆ ಕಣ್ಣು ಹೋಗುತ್ತಿತ್ತು. ಹಾಗಾಗಿ ಹಯಾಶಿ, ಬೇಸ್ ಗಿಟಾರಿನ ಫುಮಿ, ಡ್ರಮ್ಸಿನ ಯಾನೋ ಆಮೇಲೆ ಏನು ಮಾಡಿದರು ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಕಯೋ ಥರದ ಇನ್ನೊಬ್ಬರನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಲಿಲ್ಲ. ಮೂವರೇ ನುಡಿಸಿದರು. ಹಾಡು ಮತ್ತೂ ಗಟ್ಟಿಯಾಯಿತು, ಗಿಟಾರು ಮುಂದೆ ಬಂತು. 2012ರಲ್ಲಿ ಹದಿನೈದು ವರ್ಷದ ಹಬ್ಬಕ್ಕೆ '15ತ್ ಪಿ' ಎಂಬ ಆಲ್ಬಮ್ ಮಾಡಿದರು. ನಾಲ್ಕನೆಯವರಾಗಿ ನಕಮುರ ರ್ಯೋ ಸೇರಿಕೊಂಡದ್ದು 2017ರಲ್ಲಿ, ಅಂದರೆ ಏಳು ವರ್ಷ ಕಳೆದ ಮೇಲೆ. 2019ರಲ್ಲಿ ಮತ್ತೊಂದು ಆಲ್ಬಮ್. ಇಪ್ಪತ್ತು ವರ್ಷ ದಾಟಿದ ಮೇಲೂ ಅದೇ ಕನ್ನಡಕ, ಅದೇ ಎಗರಾಟ. ಬರೀ ನಕಲು ಹೊಡೆಯುವವರಿಗೆ ಇಷ್ಟು ವರ್ಷ ಮೈಯಲ್ಲಿ ಕಸುವು ಉಳಿಯುವುದಿಲ್ಲ, ಇದನ್ನು ನಾನು ನನ್ನ ಕಸುಬಿನ ಮೇಲೆ ಕೈಯಿಟ್ಟು ಹೇಳುತ್ತೇನೆ.

ಲೇಖನ ಬರೆದವರಲ್ಲಿ ನನ್ನ ಕೋರಿಕೆ ಇಷ್ಟೇ. ಬುಡೋಕನ್ ಕಾರ್ಯಕ್ರಮದ ರೆಕಾರ್ಡಿಂಗ್ ಹೊರಬಂದಿದೆ, ಅದನ್ನು ಒಮ್ಮೆ ಪೂರ್ತಿ ನೋಡಲಿ. ನೋಡಿದ ಮೇಲೂ ನಕಲು ಅಂತಲೇ ಅನ್ನಿಸಿದರೆ ಯಾಕೆ ಅಂತ ಬಿಡಿಸಿ ಬರೆಯಲಿ, ಖಂಡಿತ ಓದುತ್ತೇನೆ. ಪಿ-ಮಾಡೆಲ್, ಹಿಕಾಶು ಬಗ್ಗೆಯೂ ಒಂದು ಪುಟ ಕೊಡಿ.

ಹಾಂ, ಅದೇ ಪುಟದಲ್ಲಿ ಹಾಕಿದ ಫೋಟೋದ ಕೆಳಗೆ 2015 ಅಂತ ಇದೆ. ಫೋಟೋದಲ್ಲಿ ಎಡಗಡೆ ಸಿಂಥ್ ಮುಂದೆ ನಿಂತಿರುವವರು ಕಯೋ. ಅದು 2015 ಆಗಲು ಸಾಧ್ಯವಿಲ್ಲ. ದಯವಿಟ್ಟು ಆ ತಿದ್ದುಪಡಿಯನ್ನು ಮುಂದಿನ ವಾರ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ, ಕೀಬೋರ್ಡ್ ವಾದಕ
ದಾವಣಗೆರೆ