ಶಿರಸಿ, ಕಾರವಾರ ಭಾಗದ ಪಾಲಕರ ಗಮನಕ್ಕೆ: ಹದಿಹರೆಯದ ಖಿನ್ನತೆ

ಪಾಲಕರೇ, ಹದಿಹರೆಯದ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಡುಕಾಗಿ ಕಾಣುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ ಏರುಪೇರಾಗಿದ್ದು, ಇಷ್ಟದ ಆಟ, ಗೆಳೆಯರು ಯಾವುದೂ ಬೇಡವಾಗಿದ್ದರೆ ಅದನ್ನು ಸೊಕ್ಕು ಎನ್ನಬೇಡಿ, ವೈದ್ಯರಿಗೆ ತೋರಿಸಿ.

ಮನೆಯೊಂದೇ ಕಾರಣವಲ್ಲ, ಆನುವಂಶಿಕತೆ, ಶಾಲೆಯ ಒತ್ತಡವೂ ಸೇರಿರುತ್ತವೆ. ಆದರೆ ದಿನವೂ ಬೈಗುಳ ಕೇಳುವ ಮಗು ಚೇತರಿಸಿಕೊಳ್ಳುವುದು ಕಷ್ಟ. ಮಗು ಬಾಗಿಲು ಹಾಕಿಕೊಳ್ಳುತ್ತದೆ, ನಾವು ರೇಗುತ್ತೇವೆ, ಅದು ಇನ್ನಷ್ಟು ಒಳಸರಿಯುತ್ತದೆ. ಇದನ್ನು ಮುರಿಯಬೇಕಾದವರು ದೊಡ್ಡವರೇ. ‘ಪಕ್ಕದ್ಮನೆ ಹುಡುಗನ ಮಾರ್ಕ್ಸ್ ನೋಡು’ ಎಂಬ ಮಾತು ಊಟದ ಹೊತ್ತಿಗಂತೂ ಬೇಡ. ಗಂಡ ಹೆಂಡತಿಯ ಜಗಳಕ್ಕೆ ಮಗುವನ್ನು ಸಾಕ್ಷಿ ಕರೆಯಬೇಡಿ. ಅಪ್ಪ ಮೀನುಗಾರಿಕೆಗೋ ಪರ ಊರಿಗೋ ಹೋಗಿದ್ದರೆ ಅಮ್ಮ, ಅಜ್ಜಿ, ಸೋದರಮಾವ, ಯಾರಾದರೊಬ್ಬರು ದಿನಕ್ಕೆ ಹದಿನೈದು ನಿಮಿಷ ಫೋನ್ ಬದಿಗಿಟ್ಟು ಮಗುವಿನ ಮಾತು ಕೇಳಲಿ. ಉಪದೇಶ ಬೇಡ. ತಂದೆತಾಯಿಗೇ ಖಿನ್ನತೆಯಿದ್ದರೆ ಅವರ ಚಿಕಿತ್ಸೆಯಿಂದ ಮಗುವಿಗೂ ಅನುಕೂಲ.

‘ಸಾಯಬೇಕು ಅನಿಸ್ತದಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಕಳೆನಾಶಕ, ಕೀಟನಾಶಕ, ಅಜ್ಜನ ಮಾತ್ರೆಗಳು ಬೀಗದೊಳಗಿರಲಿ; ಅಂಥ ಯೋಚನೆ ಬಂದ ಗಳಿಗೆಯಲ್ಲಿ ಇವು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಉಚಿತ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಮಾತ್ರೆ ಬರೆದರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಹೆಚ್ಚು ನಿಗಾ ಇಡಿ, ‘ಈಗ ಅರಾಮಿದೆ’ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.